ಒಂದಾಣೆಯ ಕರ, ಊರಿನ ಶಾಲೆ

ಸಾಸವಡವು ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಮುಖ್ಯಸ್ಥಳ. ಜೋತಿರಾವ್ ಫುಲೆಯವರ ಹಿರಿಯರು ಪುಣೆಗೆ ಬರುವ ಮುನ್ನ ನೆಲೆಸಿದ್ದ ಖಾನವಡಿ ಇದೇ ತಾಲ್ಲೂಕಿನ ಹಳ್ಳಿ.

1882ರ ಹಂಟರ್ ಶಿಕ್ಷಣ ಆಯೋಗವು ದೇಶದ ಶಾಲೆಗಳ ಸ್ಥಿತಿಗತಿಯನ್ನು ವಿಚಾರಿಸಿದಾಗ, ಯಾವ ಶಾಲೆಗಳ ಪೋಷಣೆ ಮತ್ತು ಆಡಳಿತವನ್ನು ಪುರಸಭೆಗಳಿಗೆ ಒಪ್ಪಿಸಬಹುದೆಂಬ ಪ್ರಶ್ನೆಯನ್ನೂ ಎತ್ತಿತು. ಪುಣೆ ಹಾಗೂ ಸುತ್ತಲಿನ ಹಳ್ಳಿಗಳ ಅನುಭವವನ್ನು ಆಧರಿಸಿ ಫುಲೆಯವರು ಲಿಖಿತ ಹೇಳಿಕೆ ಕೊಟ್ಟರು. ದೊಡ್ಡ ಊರುಗಳ ಪುರಸಭೆಗಳು ಪ್ರಾಥಮಿಕ ಶಾಲೆಗಳ ಪೂರ್ಣ ವೆಚ್ಚವನ್ನು ಭರಿಸಲಿ. ಆದರೆ ಆಡಳಿತವನ್ನು ಸಂಪೂರ್ಣವಾಗಿ ಅವುಗಳಿಗೆ ಬಿಡದೆ, ಶಿಕ್ಷಣ ಇಲಾಖೆಯ ಮೇಲ್ವಿಚಾರಣೆ ಇರಲಿ ಎಂಬುದು ಅವರ ನಿಲುವು. ಸರಕಾರದ ಆದಾಯದ ಬಹುಪಾಲು ರೈತರ ದುಡಿಮೆಯಿಂದ ಬರುತ್ತಿದ್ದರೂ ವಿದ್ಯೆಯ ಫಲ ಮೇಲ್ವರ್ಗದವರಿಗೆ ಸಲ್ಲುತ್ತಿದೆಯೆಂಬುದನ್ನು ಅವರು ಅಲ್ಲಿ ಎತ್ತಿ ತೋರಿಸಿದರು.

ಈ ಮಾತು ಕನ್ನಡಿಗರಿಗೂ ಹೊರತಲ್ಲ. ಮುಂಬಯಿ ಪ್ರಾಂತ್ಯದಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರವಿತ್ತು; ಅದರ ಮೂರನೆಯ ಒಂದು ಪಾಲು ಶಾಲೆಗಳಿಗೆ ಮೀಸಲು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಬೆಳೆಸಿದ ಧಾರವಾಡ ಸೀಮೆಯ ರೈತರೂ ಅದನ್ನು ತೆತ್ತವರೇ.

ಇಂದು ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ತಾಲ್ಲೂಕುಗಳ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳು ಜಿಲ್ಲಾ ಪರಿಷತ್ತಿನ ಆಶ್ರಯದಲ್ಲಿವೆ. ಅಲ್ಲಿ ಸಮೀಕ್ಷೆಗೆ ಹೋದವರು ಬಂದ ಅನುದಾನವನ್ನು ಬರೆದುಕೊಂಡು ಮರಳಿದರೆ ಸಾಲದು. ಖಾಲಿ ಹುದ್ದೆಗೆ ಕನ್ನಡ ಬಲ್ಲ ಶಿಕ್ಷಕರು ಬಂದರೇ, ಕನ್ನಡ ಪುಸ್ತಕಗಳು ಶಾಲೆ ತೆರೆಯುವ ಹೊತ್ತಿಗೆ ಮಕ್ಕಳ ಕೈಸೇರಿದವೇ, ಕೂಲಿಯವರ ಮಕ್ಕಳು ಏಳನೆಯ ಇಯತ್ತೆಯವರೆಗೆ ಉಳಿದರೇ ಎಂದೂ ಕೇಳಬೇಕು. ಕರ ಕೊಟ್ಟವರ ಮಕ್ಕಳಿಗೆ ದಕ್ಕಿದ್ದೇನೆಂಬ ಫುಲೆಯವರ ಲೆಕ್ಕ ತಿಳಿಯುವುದು ಆಗಲೇ.