ಕಂಪ್ಯೂಟರ್ ಎದ್ದಿದೆ, ಪರದೆ ಎದ್ದಿಲ್ಲ

2000ರ ದಶಕದ ಆರಂಭದಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳಿಗೆ 'ಭೂಮಿ' ಕೇಂದ್ರಗಳು ಬಂದವು. ಹದಿನೈದು ರೂಪಾಯಿ ಕೊಟ್ಟರೆ ಪಹಣಿ. ಅಲ್ಲಿ ಸಿಬ್ಬಂದಿಗೆ ಒಂದು ಪರದೆ, ರೈತರ ಕಡೆ ಮುಖ ಮಾಡಿದ ಇನ್ನೊಂದು ಪರದೆ! ತನ್ನ ಜಮೀನಿನ ಲೆಕ್ಕದಲ್ಲಿ ಏನು ಟೈಪ್ ಆಗ್ತಿದೆ ಅಂತ ರೈತ ಕಣ್ಣಾರೆ ನೋಡಲಿ ಅನ್ನೋ ಯೋಚನೆ. ಒಳ್ಳೆ ಯೋಚನೆ ಅದು. ಈಗ ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಧಾರಣೆ ಕೂಡ ಇ-ಟೆಂಡರ್‌ನಲ್ಲೇ ನಿಗದಿಯಾಗುತ್ತೆ. ಇಂಥ ಹೊತ್ತಲ್ಲಿ ನಿದ್ದೆಯಿಂದ ಎದ್ದ ಕಂಪ್ಯೂಟರಿನ ಪರದೆ ಕಪ್ಪಗೇ ಉಳಿದರೆ?

ಕಂಪ್ಯೂಟರಿಗೆ ನಿದ್ದೆ ಕಲಿಸಿದ್ದು ಕರೆಂಟ್ ಉಳಿಸೋ ಆಸೆ. 1992ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 'ಎನರ್ಜಿ ಸ್ಟಾರ್' ಶುರು ಮಾಡಿತು. 1993ರಲ್ಲಿ ಮಾನಿಟರ್ ಮಲಗಿಸೋದಕ್ಕೆ ಡಿಪಿಎಂಎಸ್ ಅನ್ನೋ ನಿಯಮ ಬಂತು. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ತಂದವು. ಅಲ್ಲಿವರೆಗೆ ನಿದ್ದೆಯ ಉಸ್ತುವಾರಿ ಬಹುತೇಕ ಬಯಾಸ್‌ನದು. ಆಮೇಲೆ ಅದು ಆಪರೇಟಿಂಗ್ ಸಿಸ್ಟಂ ಕೈಗೆ ಬಂತು.

ತೊಡಕು ಇಲ್ಲೇ. ಗಾಢ ನಿದ್ದೆಯಲ್ಲಿ ಮೆಮೊರಿಗೆ ಮಾತ್ರ ಕರೆಂಟ್ ಹರೀತಿರುತ್ತೆ, ಗ್ರಾಫಿಕ್ಸ್ ಚಿಪ್ ಆರಿರುತ್ತೆ. ಎದ್ದಾಗ ಡ್ರೈವರ್ ಅದನ್ನ ಮೊದಲಿಂದ ಸಿದ್ಧ ಮಾಡಬೇಕು, ಕೇಬಲ್ ಮೂಲಕ 'ನೀನ್ಯಾರು?' ಅಂತ ಮಾನಿಟರನ್ನ ಕೇಳಬೇಕು. ಮಾನಿಟರ್ ಉತ್ತರ ಕೊಡೋದು ತಡವಾದರೂ ಸಾಕು, ಕತ್ತಲೆ.

ನಮ್ಮ ಕಡೆ ಅಟ್ಟದ ಮೇಲಿನ ಕಾಯಿಯನ್ನ ಒಡೀದೇ, ಕಿವಿ ಹತ್ರ ಹಿಡಿದು ಅಲ್ಲಾಡಿಸಿ ಕೊಬ್ಬರಿ ಆಗಿದೆಯಾ ಅಂತ ತಿಳ್ಕೋತಾರಲ್ಲ, ಹಾಗೆ ಇಲ್ಲೂ ಒಂದು ಪರೀಕ್ಷೆ ಇದೆ. ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಯಂತ್ರ ಎಚ್ಚರವಾಗಿದೆ, ಕಣ್ಣು ಮಾತ್ರ ಬಿಟ್ಟಿಲ್ಲ ಅಂತ. ಆಗ ಮಾನಿಟರಿನ ಗುಂಡಿ ಆರಿಸಿ ಮತ್ತೆ ಹಾಕಿ, ಕೇಬಲ್ ಬಿಚ್ಚಿ ಸಿಕ್ಕಿಸಿ. ವಿಂಡೋಸ್ 10, 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಗಳ ಜೊತೆ ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತೆ. ಪದೇ ಪದೇ ಹೀಗಾದರೆ ಆ ಡ್ರೈವರನ್ನೇ ಅಪ್‌ಡೇಟ್ ಮಾಡಿಸಿ.

ಎಲ್ಲಕ್ಕಿಂತ ಮೊದಲು ಪ್ಲಗ್ ಕೀಳೋದು ಮಾತ್ರ ಬೇಡ. ಸೇವ್ ಮಾಡದ ಕೆಲಸವೆಲ್ಲ ಮೆಮೊರಿಯಲ್ಲೇ ಇರುತ್ತೆ, ಕರೆಂಟ್ ಹೋದರೆ ಅದೂ ಹೋಗುತ್ತೆ. ಇದಕ್ಕೇ 2007ರ ವಿಂಡೋಸ್ ವಿಸ್ಟಾದಲ್ಲಿ 'ಹೈಬ್ರಿಡ್ ಸ್ಲೀಪ್' ಬಂದಿದ್ದು: ಮಲಗೋ ಮುಂಚೆ ಒಂದು ಪ್ರತಿ ಡಿಸ್ಕ್‌ಗೂ ಬರೆದಿಡುತ್ತೆ. ಡೆಸ್ಕ್‌ಟಾಪ್ ಇಟ್ಟುಕೊಂಡವರು ಪವರ್ ಸೆಟ್ಟಿಂಗ್‌ನಲ್ಲಿ ಅದು ಆನ್ ಇದೆಯಾ ಅಂತ ಇವತ್ತೇ ನೋಡಿ.