ಜಕಾರ್ತಾದ ಮೈದಾನದಲ್ಲಿ ಒಬ್ಬ ಶಾಲಾ ಶಿಕ್ಷಕ

ವಿದ್ಯಾರ್ಥಿ ಮಿತ್ರರೇ, ಭಾರತ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಎರಡು ಬಾರಿ ಚಿನ್ನ ಗೆದ್ದಿದೆ ಎಂಬುದು ನಿಮಗೆ ಗೊತ್ತೇ? 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತಾದಲ್ಲಿ. ಎರಡು ಸಲವೂ ತಂಡದ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಸಾಹೇಬರು. ವೃತ್ತಿಯಿಂದ ಅವರು ಶಾಲಾ ಶಿಕ್ಷಕರು.

1962ರ ಸೆಪ್ಟೆಂಬರ್ 4ರಂದು ಫೈನಲ್. ಎದುರಾಳಿ ದಕ್ಷಿಣ ಕೊರಿಯಾ ಮೊದಲ ಪಂದ್ಯದಲ್ಲೇ ನಮ್ಮನ್ನು 2-0ರಿಂದ ಸೋಲಿಸಿತ್ತು. ಇಸ್ರೇಲ್ ಮತ್ತು ತೈವಾನ್‌ಗಳನ್ನು ಕ್ರೀಡಾಕೂಟದಿಂದ ಹೊರಗಿಟ್ಟಿದ್ದನ್ನು ಭಾರತದ ಕ್ರೀಡಾ ಆಡಳಿತಗಾರ ಜಿ. ಡಿ. ಸೋಂಧಿ ಆಕ್ಷೇಪಿಸಿದ್ದರು. ಆ ಸಿಟ್ಟಿನಲ್ಲಿ ಪ್ರೇಕ್ಷಕರು ನಮ್ಮ ಆಟಗಾರರ ವಿರುದ್ಧ ಕೂಗುತ್ತಿದ್ದರು.

ತಂಡದೊಳಗೂ ಕಷ್ಟವಿತ್ತು. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಗಾಯವಾಗಿ ಹೊಲಿಗೆ ಬಿದ್ದಿತ್ತು. ಹಿಂದೆ ನಿಂತು ಆಡುವುದು ಕಷ್ಟ. ರಹೀಮ್ ಸಾಹೇಬರು ಅವರನ್ನು ಕೈಬಿಡಲಿಲ್ಲ, ಗೋಲು ಹೊಡೆಯುವ ಮುಂಚೂಣಿಗೆ ತಂದರು. ಸೆಮಿಫೈನಲ್‌ನಲ್ಲಿ ಅವರು ಗೋಲು ಹೊಡೆದರು. ಫೈನಲ್‌ನಲ್ಲಿ 17ನೇ ನಿಮಿಷಕ್ಕೆ ಪಿ. ಕೆ. ಬ್ಯಾನರ್ಜಿ, 20ನೇ ನಿಮಿಷಕ್ಕೆ ಮತ್ತೆ ಜರ್ನೈಲ್! ಕೊನೆಯಲ್ಲಿ ಕೊರಿಯಾ ಒಂದು ಗೋಲು ಗಳಿಸಿದರೂ 2-1ರಿಂದ ಗೆಲುವು ನಮ್ಮದಾಯಿತು.

ಆ ದಿನಗಳಲ್ಲಿ ಕ್ಯಾನ್ಸರ್ ಅವರ ದೇಹವನ್ನು ಕೊರೆಯುತ್ತಿತ್ತು. 1963ರ ಜೂನ್ 11ರಂದು ಅವರು ತೀರಿಕೊಂಡರು. ನಂತರ 2023ರ ಕ್ರೀಡಾಕೂಟದವರೆಗೂ ಭಾರತಕ್ಕೆ ಆ ಚಿನ್ನ ಮತ್ತೆ ದಕ್ಕಲಿಲ್ಲ.

ಮಿತ್ರರೇ, ಮೊದಲ ಪರೀಕ್ಷೆಯಲ್ಲಿ ಸೋತವರನ್ನು, ಪೆಟ್ಟು ತಿಂದವರನ್ನು ನಾವು ಬೇಗ ಹಿಂದಿನ ಬೆಂಚಿಗೆ ಕಳಿಸಿಬಿಡುತ್ತೇವೆ. ಆ ಶಿಕ್ಷಕರು ಪೆಟ್ಟು ತಿಂದವನಿಗೆ ಹೊಸ ಜಾಗ ಹುಡುಕಿಕೊಟ್ಟರು. ನಮ್ಮಂಥ ಶಿಕ್ಷಕರೂ ಇದನ್ನು ಅವರಿಂದ ಕಲಿಯಬೇಕು.