ಅತ್ತಿಗುಂಡಿಯ ಕಬ್ಬಿಣದ ಬೆಟ್ಟ

ಚಿಕ್ಕಮಗಳೂರಿನಿಂದ ಕೈಮರ ದಾಟಿ, ಕವಿಕಲ್ ಗಂಡಿಯ ತಿರುವುಗಳನ್ನು ಹತ್ತಿದ ಮೇಲೆ ಬಾಬಾಬುಡನ್‌ಗಿರಿಯ ದಾರಿಯಲ್ಲಿ ಸಿಗುವ ಊರು ಅತ್ತಿಗುಂಡಿ. ರಸ್ತೆಯ ಮಗ್ಗುಲಲ್ಲಿ ಅಂಗಡಿ, ಮನೆ. ಕೆಳಗೆ ಸಿಲ್ವರ್ ಓಕ್ ನೆರಳಲ್ಲಿ ಕಾಫಿ. ಮೇಲೆ ಬೋಳು ಹುಲ್ಲುಗುಡ್ಡ, ಅದರ ಸಂದಿಗಳಲ್ಲಿ ಶೋಲಾ ಕಾಡು. ಝರಿ ಜಲಪಾತಕ್ಕೆ ಜೀಪು ಹತ್ತುವವರು, ಹೊನ್ನಮ್ಮನ ಹಳ್ಳದಲ್ಲಿ ತಲೆ ನೆನೆಸಿಕೊಳ್ಳುವವರು ರಜೆ ಬಂತೆಂದರೆ ಊರು ತುಂಬುತ್ತಾರೆ. ಊರಿನ ಚರಿತ್ರೆ ಎಂದರೆ 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ತಂದರೆನ್ನುವ ಏಳು ಕಾಫಿ ಬೀಜಗಳ ಕಥೆಯೇ ಮೊದಲು ಬರುತ್ತದೆ. ಅದು ಬರಲೇಬೇಕು. ಆದರೆ ಕಾಫಿ ಬೇರು ಬಿಟ್ಟ ನೆಲದಡಿಯ ಕಲ್ಲಿಗೂ ಒಂದು ಚರಿತ್ರೆಯಿದೆ, ಅದನ್ನು ಹೇಳುವವರು ಕಡಿಮೆ.

ರಸ್ತೆಗಾಗಿ ಗುಡ್ಡ ಕಡಿದ ಕಡೆ ಒಂದು ಚೂರು ಕಲ್ಲು ಕೈಗೆತ್ತಿಕೊಂಡು ನೋಡಿ. ಕೆಂಪು, ಕಪ್ಪು, ಬೂದು ಪಟ್ಟೆಗಳು ಒಂದರ ಮೇಲೊಂದು ಕೂತಿರುತ್ತವೆ. ಗಾತ್ರಕ್ಕಿಂತ ತೂಕ ಹೆಚ್ಚು. ಅದು ಕಬ್ಬಿಣದ ಅದಿರಿನ ಪಟ್ಟೆಗಲ್ಲು. ಕುದುರೆ ಲಾಳದ ಆಕಾರದ ಚಂದ್ರದ್ರೋಣ ಪರ್ವತದ ನೆತ್ತಿಯುದ್ದಕ್ಕೂ ಈ ಕಲ್ಲಿದೆ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಇದೇ ಸಾಲಿನದು.

ಲಾಳದ ಉತ್ತರದ ತೋಳಿನಲ್ಲಿ ಕೆಮ್ಮಣ್ಣುಗುಂಡಿ. ಭದ್ರಾವತಿಯಲ್ಲಿ 1918ರಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಅಲ್ಲಿಂದ. ತೊಟ್ಟಿಗಳು ತಂತಿಮಾರ್ಗದಲ್ಲಿ ತಣಿಗೆಬೈಲಿಗೆ ಇಳಿಯುತ್ತಿದ್ದವು, ಮುಂದಕ್ಕೆ ಟ್ರಾಮ್ ದಾರಿ. 1923ರಲ್ಲಿ ಕುಲುಮೆ ಹೊತ್ತಿಕೊಂಡಾಗ ಉರಿದದ್ದು ಮಲೆನಾಡಿನ ಮರದ ಇದ್ದಿಲು. ಮುಂದೆ ಅದೇ ಕಾರ್ಖಾನೆ ವಿಶೇಷ ಉಕ್ಕು ತಯಾರಿಸಿ ರೈಲ್ವೆಗೂ ರಕ್ಷಣಾ ಇಲಾಖೆಗೂ ಒದಗಿಸಿತು.

ಅದಿರೂ ಇದ್ದಿಲೂ ಸಿಗುವ ಸೀಮೆಯಲ್ಲಿ ಆಯುಧದ ಕೆಲಸ ಇದಕ್ಕಿಂತ ಬಹಳ ಹಳೆಯದು. ಅತ್ತಿಗುಂಡಿಯಿಂದ ವಾಯವ್ಯಕ್ಕೆ, ಹೊಸನಗರ ತಾಲ್ಲೂಕಿನ ನಗರ ಅದಕ್ಕೆ ಸಾಕ್ಷಿ. ಆಗ ಬಿದನೂರು ಎನಿಸಿದ್ದ, ಕೆಳದಿ ಅರಸರ ಈ ಊರನ್ನು 1763ರಲ್ಲಿ ಗೆದ್ದ ಹೈದರಾಲಿ ಅದಕ್ಕೆ ಹೈದರನಗರ ಎಂದು ಹೆಸರಿಟ್ಟು ಅಲ್ಲೊಂದು ಶಸ್ತ್ರಾಗಾರ ಕಟ್ಟಿದ. 2002ರಲ್ಲಿ ಅಲ್ಲಿಯ ಪಾಳುಬಾವಿಯೊಂದರ ಹೂಳೆತ್ತುವಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಮೈಸೂರಿನ ರಾಕೆಟ್‌ಗಳೆಂದು ಆಮೇಲೆ ಗೊತ್ತಾಯಿತು. 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆ ಅದೇ ಬಾವಿಯನ್ನು ಅಗೆಸಿದಾಗ ಕೆಸರಿನಲ್ಲಿ ಮದ್ದಿನ ವಾಸನೆ ಇನ್ನೂ ಉಳಿದಿತ್ತು. ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಮೇಲೆ ಬಂದವು.

ಆ ಕೊಳವೆಯಲ್ಲೇ ಕಮ್ಮಾರರ ಬುದ್ಧಿ ಇದೆ. ಯೂರೋಪಿನವರು ಆಗ ಕಾಗದದ ಸುರುಳಿಗೆ ಮದ್ದು ತುಂಬುತ್ತಿದ್ದರು. ಒತ್ತಡ ಹೆಚ್ಚಾದರೆ ಅದು ಒಡೆಯುತ್ತಿತ್ತು. ನಮ್ಮವರು ಮೆದು ಕಬ್ಬಿಣದ ತಗಡನ್ನು ಬಡಿದು ಸುತ್ತಿ ಕೊಳವೆ ಮಾಡಿದರು, ಮದ್ದು ಗಿಡಿದು ತುಂಬಿದರು, ಚರ್ಮದ ಪಟ್ಟಿಯಿಂದ ಬಿದಿರಿನ ಗಳಕ್ಕೆ ಬಿಗಿದರು. ಕಬ್ಬಿಣ ಒತ್ತಡ ತಾಳಿಕೊಂಡಿತು, ರಾಕೆಟ್ ಒಂದು ಕಿಲೋಮೀಟರ್ ದಾಟಿ ಹಾರಿತು. 1780ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರ ಮದ್ದಿನ ಗಾಡಿಗಳು ಹೊತ್ತಿ ಉರಿದಾಗ ಅವರಿಗೆ ಇದರ ಬಿಸಿ ತಟ್ಟಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳು ಲಂಡನ್ನಿನ ವೂಲಿಚ್ ಶಸ್ತ್ರಾಗಾರ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ತಿದ್ದಿ ತನ್ನ ಹೆಸರಿನ ರಾಕೆಟ್ ಮಾಡಿಸಿದ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಅವು ಹಾರಿದವು. ಕಾಂಗ್ರೀವ್ ಹೆಸರು ಜಗತ್ತಿನ ಪುಸ್ತಕಗಳಲ್ಲಿದೆ. ತಗಡು ಬಡಿದ ನಮ್ಮ ಕಮ್ಮಾರರಲ್ಲಿ ಒಬ್ಬರ ಹೆಸರೂ ನಮ್ಮ ಪಠ್ಯದಲ್ಲಿಲ್ಲ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ.

ಕೆಮ್ಮಣ್ಣುಗುಂಡಿಯ ಗಣಿ ಈಗ ನಿಂತಿದೆ. ಕಳಸದ ಆಚೆಯ ಕುದುರೆಮುಖದಲ್ಲೂ 2005ರ ಕೊನೆಗೆ ಅದಿರು ತೆಗೆಯುವುದು ನಿಂತಿತು. ಅತ್ತಿಗುಂಡಿಯ ಕಲ್ಲು ಬೆಟ್ಟದಲ್ಲೇ ಇರುವುದು ಒಳ್ಳೆಯದು. ಇಲ್ಲಿಯ ಹಳ್ಳಗಳ ನೀರು ಆ ನೆತ್ತಿಯ ಹುಲ್ಲು ಮತ್ತು ಶೋಲಾವನ್ನೇ ನೆಚ್ಚಿಕೊಂಡಿದೆ. ಆದರೆ ಇಲ್ಲಿಯ ಮಕ್ಕಳನ್ನು ಶಾಲೆಯವರು ಒಮ್ಮೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯಕ್ಕೆ ಕರೆದೊಯ್ಯಬೇಕು. ನಗರದ ಬಾವಿಯ ರಾಕೆಟ್‌ಗಳು ಅಲ್ಲಿವೆ. ಹೋಗುವಾಗ ಗುಡ್ಡದ ಒಂದು ಪಟ್ಟೆಗಲ್ಲನ್ನೂ ಜೊತೆಗೆ ಒಯ್ದರೆ, ಕಲ್ಲು ಕೊಳವೆಯಾಗುವ ಬಗೆಯನ್ನು ಅಲ್ಲೇ ನಿಂತು ಹೇಳಿಕೊಡಬಹುದು.